ಪಿಸ್ಟನ್ ಅಂದ್ರೆ ಒನಕೆನಾ?

ಬತ್ತೇರಿ ಹುಡುಗ, ಚಿತ್ರದುರ್ಗ

ಹೋದ ವಾರ ನನ್ನ ಹಳೇ 100 ಸಿಸಿ ಬೈಕು ಹೊಳಲ್ಕೆರೆ ರಸ್ತೆಯಲ್ಲಿ ಕೈಕೊಟ್ಟಿತು. ತಪ್ಪು ನನ್ನದೇ. ಆಯಿಲ್ ಬದಲಿಸಿ ಎಷ್ಟು ತಿಂಗಳಾಗಿತ್ತೋ ನನಗೇ ನೆನಪಿಲ್ಲ. ಬಿಸಿಲಲ್ಲಿ ತಳ್ಳಿಕೊಂಡು ಗ್ಯಾರೇಜಿಗೆ ಬಂದೆ. ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. ಇಂಜಿನ್ ಬಿಚ್ಚಿದರು, ಪಿಸ್ಟನ್ ಹೊರಗೆಳೆದರು, ಪೆಟ್ರೋಲಿನಲ್ಲಿ ತೊಳೆದು ಬನಿಯನ್ ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈ ಮೇಲಿಟ್ಟರು. ಐದು ಸೆಂಟಿಮೀಟರ್ ಅಗಲದ ಒಂದು ಸಣ್ಣ ಅಲ್ಯೂಮಿನಿಯಂ ಲೋಟ ಅಷ್ಟೇ. ಒಂದು ಪಕ್ಕ ಬೆಕ್ಕು ಪರಚಿದ ಹಾಗೆ ಗೀರು.

"ಒನಕೆನೂ ಹೋಗೈತೆ, ಒರಳೂ ಹೋಗೈತೆ" ಅಂದರು.

ಒರಳು ಅಂದದ್ದು ಸಿಲಿಂಡರಿಗೆ. ನಾನು ನಕ್ಕು ಸುಮ್ಮನಾದೆ. ರಾತ್ರಿ ನಿದ್ದೆ ಬಾರದೆ ಪಿಸ್ಟನ್ ಅನ್ನೋ ಪದ ಎಲ್ಲಿಂದ ಬಂತು ಅಂತ ನೋಡಿದರೆ, ಅವರು ಹೇಳಿದ್ದು ಅಕ್ಷರಶಃ ನಿಜ! ಇಂಗ್ಲಿಷಿಗೆ ಅದು ಬಂದದ್ದು ಫ್ರೆಂಚಿನಿಂದ, 18ನೇ ಶತಮಾನದ ಆರಂಭದಲ್ಲಿ. ಫ್ರೆಂಚಿಗೆ ಬಂದದ್ದು ಇಟಾಲಿಯನ್‌ನಿಂದ. ಅಲ್ಲಿ ಪಿಸ್ತೋನೆ ಅಂದರೆ ದೊಡ್ಡ ಒನಕೆ. ಪೆಸ್ತಾರೆ ಅಂದರೆ ಕುಟ್ಟು. ಅದರ ಬುಡದಲ್ಲಿ ಲ್ಯಾಟಿನ್‌ನ ಪಿನ್ಸೆರೆ, ಅದೂ ಕುಟ್ಟುವುದೇ.

ಓಬವ್ವನ ಊರಲ್ಲಿ ಹುಟ್ಟಿ, ಹದಿನೈದು ವರ್ಷ ಬೈಕ್ ಓಡಿಸಿ, ಇದು ಇಷ್ಟು ದಿನ ಗೊತ್ತೇ ಇರಲಿಲ್ಲವಲ್ಲ ಅಂತ ಬೇಜಾರಾಯಿತು. ಈ ಮನೆತನದಲ್ಲಿ ಇನ್ನೂ ಯಾರ್‍ಯಾರಿದ್ದಾರೆ? ಗೊತ್ತಿದ್ದವರು ಹೇಳಿ.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಹಂಗಾದ್ರೆ ಓಬವ್ವ ಹಿಡಿದಿದ್ದು ಸಿಂಗಲ್ ಸಿಲಿಂಡರ್ ಇಂಜಿನ್ನು ಅನ್ನಿ.

ಚಳ್ಳಕೆರೆ ಶೇಂಗಾ

ನನಗೆ ಗೊತ್ತಿರುವ ಒಂದು ಸಂಬಂಧಿಕರು ಪೆಸ್ತೋ. ಇಟಲಿಯ ಜಿನೋವಾ ಊರಿನ ಚಟ್ನಿ. ತುಳಸಿ ಜಾತಿಯ ಒಂದು ಎಲೆ, ಬೆಳ್ಳುಳ್ಳಿ, ಪೈನ್ ಮರದ ಬೀಜ, ಚೀಸ್, ಆಲಿವ್ ಎಣ್ಣೆ ಹಾಕಿ ಅಮೃತಶಿಲೆಯ ಒರಳಲ್ಲಿ ಮರದ ಕುಟ್ಟಾಣಿಯಿಂದ ಕುಟ್ಟುತ್ತಾರೆ. ಪೆಸ್ತೋ ಅಂದರೆ 'ಕುಟ್ಟಿದ್ದು'. ಅಷ್ಟೇ ಅರ್ಥ. ಮಗಳು ಬೆಂಗಳೂರಿಂದ ಒಂದು ಬಾಟಲಿ ತಂದಿದ್ದಳು. ಬಿಲ್ ನೋಡಿ ನಮ್ಮ ಮನೆಯವರು "ಇದಕ್ಕೆ ನಮ್ಮ ಶೇಂಗಾ ಚಟ್ನಿ ಯಾವ ಮೂಲೆಗೆ ಕಡಿಮೆ" ಅಂದರು. ನಾವೂ ಅದನ್ನ ಕುಟ್ಟಿದ ಚಟ್ನಿ ಅಂತಲೇ ಕರೆಯೋದು. ಹೆಸರು ಒಂದೇ, ರೇಟು ಬೇರೆ.

ಮಿಕ್ಸಿಯಲ್ಲಿ ಹಾಕಿದರೆ ಆ ರುಚಿ ಬರಲ್ಲ. ಕುಟ್ಟಿದರೆ ಶೇಂಗಾ ಎಣ್ಣೆ ಬಿಡುತ್ತೆ, ಉಂಡೆ ಕಟ್ಟೋಕೆ ಬರುತ್ತೆ. ಮಿಕ್ಸಿ ಬ್ಲೇಡು ಬರೀ ಕತ್ತರಿಸುತ್ತೆ. ಜಿನೋವಾದವರೂ ಇದೇ ಜಗಳ ಆಡ್ತಾರಂತೆ.

ಹಳೇ ಮೇಷ್ಟ್ರು, ಹೊಸದುರ್ಗ

ಒಳ್ಳೆಯ ಎಳೆ ಹಿಡಿದಿದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಕೆಲಸ ನೋಡೋಣ, ಪದ ಆಮೇಲೆ. ಕನ್ನಡದಲ್ಲಿ ಕುಟ್ಟುವುದು ಬೇರೆ, ಬೀಸುವುದು ಬೇರೆ, ರುಬ್ಬುವುದು ಬೇರೆ, ಜಜ್ಜುವುದು ಬೇರೆ. ಅಕ್ಕಿಯನ್ನು ಎರಡನೇ ಸಲ ಮೆಲ್ಲಗೆ ಕುಟ್ಟಿ ಬೆಳ್ಳಗೆ ಮಾಡಿದರೆ ಅದು ತಳಿಸುವುದು. ಇಂಗ್ಲಿಷಿನವರು ಇದರಲ್ಲಿ ಅರ್ಧವನ್ನು ಗ್ರೈಂಡ್ ಅಂತ ಹೇಳಿ ಮುಗಿಸುತ್ತಾರೆ. ಲ್ಯಾಟಿನ್ ನಮ್ಮ ಹಾಗೆಯೇ. ಬೀಸುವುದಕ್ಕೆ ಮೊಲೆರೆ, ಕುಟ್ಟುವುದಕ್ಕೆ ಪಿನ್ಸೆರೆ.

ಎರಡು ಪದ ಯಾಕೆ ಬೇಕಾಯಿತು? ಕಾಳಿನ ಕಾರಣಕ್ಕೆ. ನಮ್ಮ ತಾಲ್ಲೂಕಿನಲ್ಲಿ ಸಾವೆ ಬೆಳೆಯುತ್ತೇವೆ. ಸಾವೆ, ನವಣೆ, ಹಾರಕ, ಇವಕ್ಕೆಲ್ಲ ಗಟ್ಟಿ ಸಿಪ್ಪೆ. ಕುಟ್ಟಿ ಹೊಟ್ಟು ಬಿಡಿಸದೆ ಅನ್ನ ಆಗುವುದಿಲ್ಲ. ರಾಗಿಗೆ ಆ ತಾಪತ್ರಯ ಇಲ್ಲ, ನೇರ ಬೀಸುಕಲ್ಲಿಗೆ. ಹಳೇ ರೋಮಿನವರ ಮುಖ್ಯ ಕಾಳು ಫಾರ್ ಅನ್ನುವ ಒಂದು ಜಾತಿ ಗೋಧಿ. ಅದೂ ಸಿಪ್ಪೆ ಬಿಡದ ಜಾತಿ, ಒರಳಿಗೆ ಹಾಕಿ ಕುಟ್ಟಲೇಬೇಕು. ಹಾಗಾಗಿ ಅಲ್ಲಿ ಕುಟ್ಟುವವನಿಗೆ ಪಿಸ್ಟೋರ್ ಅಂತ ಹೆಸರು. ಕುಟ್ಟುವವನೇ ಹಿಟ್ಟು ಮಾಡಿ ರೊಟ್ಟಿಯನ್ನೂ ಸುಡತೊಡಗಿದ ಮೇಲೆ ಪಿಸ್ಟೋರ್ ಅಂದರೆ ಬೇಕರಿಯವನು ಅಂತ ಆಯಿತು. ಪ್ಲಿನಿ ಅನ್ನುವ ರೋಮನ್ ಪಂಡಿತ ಬರೆದಿದ್ದಾನೆ: ಕ್ರಿ.ಪೂ. 171ರಲ್ಲಿ ಮ್ಯಾಸಿಡೋನಿಯದ ರಾಜ ಪರ್ಸ್ಯೂಸ್ ಜೊತೆ ಶುರುವಾದ ಯುದ್ಧದವರೆಗೂ ರೋಮಿನಲ್ಲಿ ಬೇಕರಿಯವರೇ ಇರಲಿಲ್ಲ, ರೊಟ್ಟಿ ಮಾಡುವುದು ಮನೆ ಹೆಂಗಸರ ಕೆಲಸವಾಗಿತ್ತು ಅಂತ. ಪೀಸೋ ಅನ್ನುವ ದೊಡ್ಡ ರೋಮನ್ ಮನೆತನದ ಹೆಸರೂ ಕುಟ್ಟುವುದರಿಂದಲೇ ಬಂತು ಅನ್ನುತ್ತಾನೆ. ಜರ್ಮನ್ ಮಾತಾಡುವ ಕಡೆ ಫಿಸ್ಟರ್ ಅಂತ ಮನೆಹೆಸರು ಇದೆಯಲ್ಲ, ಅದು ಈ ಪಿಸ್ಟೋರೇ.

ಇನ್ನು ಒನಕೆಗೆ ಲ್ಯಾಟಿನ್ ಪದ ಪಿಸ್ಟಿಲ್ಲುಮ್. ಇಂಗ್ಲಿಷಿನ ಪೆಸಲ್ ಅಂದರೆ ಕುಟ್ಟಾಣಿ, ಅದರಿಂದ ಬಂದದ್ದು. ಬಾಟನಿ ಓದಿದವರಿಗೆ ಪಿಸ್ಟಿಲ್ ನೆನಪಿರಬೇಕು, ಹೂವಿನ ನಡುವಿನ ಹೆಣ್ಣು ಭಾಗ. ಕೆಳಗೆ ದಪ್ಪ, ಮೇಲೆ ಸಪೂರ ಹಿಡಿ. ಕುಟ್ಟಾಣಿ ತರಹ ಕಾಣುತ್ತೆ ಅಂತ ಆ ಹೆಸರು. ಮೂವತ್ತು ವರ್ಷ ಮಕ್ಕಳಿಗೆ ಅದರ ಚಿತ್ರ ಬರೆಸಿದ್ದೇನೆ. ಆ ಹೆಸರು ಯಾಕೆ ಅಂತ ಒಬ್ಬ ಹುಡುಗನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಮೇಷ್ಟ್ರೇ, ಆ ಮೊಲೆರೆ ಅಂದ್ರಲ್ಲ, ಅದೇ ತಾನೆ ನಮ್ಮ ಮಿಲ್ಲು?

ಹಳೇ ಮೇಷ್ಟ್ರು, ಹೊಸದುರ್ಗ

ಅದೇ. ಮೋಲಾ ಅಂದರೆ ಬೀಸುಕಲ್ಲು. ಅದರಿಂದ ಮೊಲಿನಾ, ಅದರಿಂದ ಇಂಗ್ಲಿಷಿನ ಮಿಲ್, ಫ್ರೆಂಚಿನ ಮುಲಾಂ, ಸ್ಪ್ಯಾನಿಷ್‌ನ ಮೊಲಿನೋ. ಮೊದಲು ಹಿಟ್ಟಿನ ಮಿಲ್ಲು ಮಾತ್ರ. ಅದನ್ನು ತಿರುಗಿಸಲು ನೀರಿನ ಚಕ್ರ ಬಂತು. ಅದೇ ಚಕ್ರಕ್ಕೆ ಬೇರೆ ಯಂತ್ರ ಕಟ್ಟಿದಾಗಲೂ ಮಿಲ್ಲು ಅಂತಲೇ ಕರೆದರು. ಹಾಗೆ ಒಂದು ಕಾಳೂ ಬೀಸದ ಹತ್ತಿ ಕಾರ್ಖಾನೆಗೂ ಕಾಟನ್ ಮಿಲ್ ಅಂತ ಹೆಸರು ನಿಂತಿತು. ನಮ್ಮ ದವಡೆ ಹಲ್ಲಿಗೆ ಮೋಲಾರ್ ಅನ್ನುವುದೂ ಅದಕ್ಕೇ. ಅದು ಬೀಸುವ ಹಲ್ಲು.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಅಲ್ಲಿಗೆ ತೀರ್ಮಾನ ಆಯ್ತು. ಕರ್ನಾಟಕದ ಮ್ಯಾಂಚೆಸ್ಟರ್ ಬೀಸುವ ಪಾರ್ಟಿ, ಚಿತ್ರದುರ್ಗ ಕುಟ್ಟುವ ಪಾರ್ಟಿ. 1997ರಲ್ಲಿ ಜಿಲ್ಲೆ ಯಾಕೆ ಬೇರೆ ಆಯ್ತು ಅಂತ ಈಗ ಗೊತ್ತಾಯ್ತು ನೋಡಿ.

ತಮಾಷೆ ಬಿಡಿ. ನಮ್ಮ ತಂದೆ ಕಾಟನ್ ಮಿಲ್ಲಿನಲ್ಲಿ ಇದ್ದವರು. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದರೂ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ "ಮಿಲ್ಲು ಬಿಡೋ ಹೊತ್ತು" ಅಂತಲೇ ಹೇಳುತ್ತಿದ್ದರು. ಆ ಪದದೊಳಗೆ ಒಂದು ಬೀಸುಕಲ್ಲು ಕೂತಿದೆ ಅಂತ ಗೊತ್ತಾಗಿದ್ದರೆ ಅವರಿಗೆ ಖುಷಿಯಾಗುತ್ತಿತ್ತು.

ಬತ್ತೇರಿ ಹುಡುಗ, ಚಿತ್ರದುರ್ಗ

ಬೀಸುವುದರಲ್ಲೂ ನಾವೇನು ಕಡಿಮೆ ಇಲ್ಲ. ಕೋಟೆಗೆ ಬನ್ನಿ, ತೋಪಿನ ಮದ್ದು ಬೀಸುವ ಕಲ್ಲು ತೋರಿಸುತ್ತೇನೆ. ಆಳೆತ್ತರದ ಬೀಸುಕಲ್ಲುಗಳು.

ಅಮರಕೋಶ ಪ್ರಿಯ

ಇಷ್ಟೆಲ್ಲ ಲ್ಯಾಟಿನ್ ಸುತ್ತುವುದು ಯಾಕೆ? ಸಂಸ್ಕೃತದಲ್ಲಿ ಪಿಷ್ಟ ಅಂದರೆ ಹಿಟ್ಟು, ಪುಡಿ ಮಾಡಿದ್ದು. ಪಿಷ್ಟದಿಂದಲೇ ಪಿಸ್ಟನ್. ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಎಲ್ಲವೂ ಇಲ್ಲಿಂದ ಹೋದದ್ದೇ.

ಹಳೇ ಮೇಷ್ಟ್ರು, ಹೊಸದುರ್ಗ

ನೀವು ಕಂಡದ್ದು ಸರಿ, ತೀರ್ಮಾನ ಮಾತ್ರ ಸರಿ ಇಲ್ಲ. ಪಿಷ್ಟಕ್ಕೂ ಪಿಸ್ಟನ್‌ಗೂ ನೆಂಟಸ್ತಿಕೆ ಇದೆ. ಆದರೆ ಅವು ಅಪ್ಪ ಮಗ ಅಲ್ಲ, ದಾಯಾದಿಗಳು. ಎರಡಕ್ಕೂ ಒಬ್ಬ ಮುತ್ತಜ್ಜ.

ಬರೀ ಸದ್ದು ಹೋಲುತ್ತೆ ಅಂತ ಹೇಳುತ್ತಿಲ್ಲ. ಇಲ್ಲೊಂದು ಚಂದದ ಗುರುತು ಇದೆ. ಸಂಸ್ಕೃತದಲ್ಲಿ 'ಕುಟ್ಟಿ ಪುಡಿ ಮಾಡುತ್ತಾನೆ' ಅನ್ನುವುದಕ್ಕೆ ಪಿನಷ್ಟಿ. ನಡುವೆ ಒಂದು ನಕಾರ ಇದೆ, ನೋಡಿ. 'ಪುಡಿ ಮಾಡಿದ್ದು' ಅಂದರೆ ಪಿಷ್ಟ. ನಕಾರ ಮಾಯ! ಈಗ ಲ್ಯಾಟಿನ್ ನೋಡಿ. ಕುಟ್ಟುವುದು ಪಿನ್ಸೆರೆ, ನಕಾರ ಇದೆ. ಕುಟ್ಟಿದ್ದು ಪಿಸ್ಟುಸ್, ನಕಾರ ಇಲ್ಲ. ಪದ ಸಾಲ ಕೊಟ್ಟರೆ ಒಂದು ಪದ ಹೋಗುತ್ತೆ. ಎಲ್ಲಿ ನಕಾರ ಸೇರಿಸಬೇಕು, ಎಲ್ಲಿ ಕೀಳಬೇಕು ಅನ್ನುವ ಮನೆ ಪದ್ಧತಿ ಹೀಗೆ ಎರಡು ಕಡೆಯೂ ಉಳಿದಿದೆ ಅಂದರೆ ಮನೆ ಒಂದೇ ಆಗಿತ್ತು ಅಂತ. ಇನ್ನೊಂದು ಜೋಡಿ ಕೊಡುತ್ತೇನೆ. ಸಂಸ್ಕೃತದಲ್ಲಿ ಲುಂಪತಿ, ಲುಪ್ತ. ಲ್ಯಾಟಿನ್‌ನಲ್ಲಿ ರುಂಪಿತ್, ರುಪ್ಟುಸ್. ಎರಡು ಕಡೆಯೂ ಮುರಿಯುವ ಅರ್ಥದ ಬೇರು. ಬ್ಯಾಂಕ್‌ರಪ್ಟ್ ಅನ್ನುವಾಗ ಕೊನೆಗೆ ಬರುವುದು ಅದೇ ರುಪ್ಟುಸ್. ದಿವಾಳಿಯಾದವನೂ ಲೋಪಸಂಧಿಯೂ ನೆಂಟರು!

ಸಂಸ್ಕೃತ ಕಲಿತ ಬ್ರಿಟಿಷ್ ಜಡ್ಜ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದು ಇದನ್ನೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಬುಡದಿಂದ ಬಂದಿರಬೇಕು, ಆ ಬುಡ ಈಗ ಬಹುಶಃ ಉಳಿದಿಲ್ಲ ಅಂತ. ಒಂದು ಇನ್ನೊಂದರಿಂದ ಬಂತು ಅಂತ ಅವರು ಹೇಳಲಿಲ್ಲ.

ಅಮರಕೋಶ ಪ್ರಿಯ

ನಕಾರದ ವಿಷಯ ಒಪ್ಪುತ್ತೇನೆ, ಅದನ್ನು ಗಮನಿಸಿರಲಿಲ್ಲ. ಆದರೂ ಪಿಷ್ಟ ಹಳೆಯದು ಅಲ್ವಾ?

ಹಳೇ ಮೇಷ್ಟ್ರು, ಹೊಸದುರ್ಗ

ಬರಹದಲ್ಲಿ ಹಳೆಯದು. ಅಣ್ಣ ದೊಡ್ಡವನು ಅಂದಮಾತ್ರಕ್ಕೆ ಅಪ್ಪ ಆಗಲ್ಲ.

ಚಳ್ಳಕೆರೆ ಶೇಂಗಾ

ಪಿಷ್ಟ ಅಂದ್ರೆ ಸ್ಕೂಲ್ ಪುಸ್ತಕದ ಪಿಷ್ಟನೇನಾ? ಆಲೂಗಡ್ಡೆ ಮೇಲೆ ಅಯೋಡಿನ್ ಹಾಕಿದರೆ ನೀಲಿ ಆಗುತ್ತಲ್ಲ, ಅದು?

ಹಳೇ ಮೇಷ್ಟ್ರು, ಹೊಸದುರ್ಗ

ಅದೇ. ನಮ್ಮ ಹಿಟ್ಟು ಕೂಡ ಪಿಷ್ಟದ ತದ್ಭವ ಅಂತ ಹಳೇ ಪಂಡಿತರ ಲೆಕ್ಕ. ಪಿಷ್ಟ, ಪಿಟ್ಟು, ಹಿಟ್ಟು. ಹಳಗನ್ನಡದ ಪಕಾರ ಹಕಾರ ಆಗುವುದು ನಮಗೆ ಹೊಸದಲ್ಲ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹಿಂದಿಯಲ್ಲಿ ಬೀಸುವುದಕ್ಕೆ ಪೀಸ್ನಾ ಅನ್ನುತ್ತಾರೆ, ಅದೂ ಇದೇ ಬೇರು. ರಷ್ಯಾದಲ್ಲಿ ಗೋಧಿಗೆ ಪ್ಶೆನಿತ್ಸ, ಸಿರಿಧಾನ್ಯದ ಅಕ್ಕಿಗೆ ಪ್ಶೆನೋ. ಎರಡರ ಒಳಗೂ 'ಕುಟ್ಟಿದ್ದು' ಅನ್ನುವ ಅರ್ಥವೇ ಇದೆ.

ಒನಕೆ ಮಾತ್ರ ಈ ಗುಂಪಿಗೆ ಸೇರಲ್ಲ. ಅದು ಅಪ್ಪಟ ದ್ರಾವಿಡ. ತಮಿಳಿನ ಉಲಕ್ಕೈ, ಮಲಯಾಳದ ಉಲಕ್ಕ ಅದರ ಒಡಹುಟ್ಟುಗಳು. ಸಂಸ್ಕೃತದಲ್ಲಿ ಒನಕೆ ಅಂದರೆ ಮುಸಲ.

ಹರಿಹರದ ಹೊಳೆ, ಸದ್ಯ ಫ್ರಾನ್ಸ್

ಓದಿ ಸುಮ್ಮನೆ ಇರಲಾಗಲಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಆಫೀಸಿನಲ್ಲಿ ಒಬ್ಬರು ಇನ್ನೊಬ್ಬರ ಬಗ್ಗೆ ಪಿಸುಗುಟ್ಟುತ್ತಿದ್ದರು: "ಅವನಿಗೆ ಪಿಸ್ಟನ್ ಇದೆ" ಅಂತ. ಇವನ ಹೊಟ್ಟೆಯಲ್ಲಿ ಏನೋ ಆಪರೇಷನ್ ಮಾಡಿ ಇಟ್ಟಿರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು. ಫ್ರೆಂಚಿನಲ್ಲಿ ಪಿಸ್ತೋಂ ಇದೆ ಅಂದರೆ ವಶೀಲಿ ಇದೆ ಅಂತ. ಶಿಫಾರಸು ಮಾಡಿ ಯಾರನ್ನಾದರೂ ಕೆಲಸಕ್ಕೆ ತಳ್ಳಿದರೆ ಅದಕ್ಕೆ ಪಿಸ್ತೊನೆ ಅಂತ ಕ್ರಿಯಾಪದವೇ ಇದೆ. ಹಿಂದಿನಿಂದ ಒಂದು ತಳ್ಳು ಬೇಕು, ಇಂಜಿನ್ ಓಡೋಕೆ. ನಮ್ಮಲ್ಲಿ ಕೈ ಇರಬೇಕು ಅಂತಾರೆ, ಇಲ್ಲಿ ಒನಕೆ ಇರಬೇಕು.

ಇನ್ನೊಂದು ಇದೆ. ಲ್ಯಾಟಿನ್‌ನಲ್ಲಿ ಕುಟ್ಟುವ ಬೀಸುವ ಮನೆಗೆ ಪಿಸ್ಟ್ರೀನುಮ್ ಅಂತಿದ್ದರು. ರೋಮಿನಲ್ಲಿ ತಪ್ಪು ಮಾಡಿದ ಗುಲಾಮರನ್ನು ಅಲ್ಲಿಗೆ ದೂಡುತ್ತಿದ್ದರಂತೆ. ಅದೇ ಪದ ಫ್ರೆಂಚಿನಲ್ಲಿ ಪೆತ್ರಾಂ ಆಗಿ, ಹಿಟ್ಟು ನಾದುವ ತೊಟ್ಟಿಗೆ ಹೆಸರಾಗಿದೆ. ಯಾರಾದರೂ ಕಷ್ಟದಲ್ಲಿ ಸಿಕ್ಕಿಕೊಂಡರೆ "ಪೆತ್ರಾಂನಲ್ಲಿ ಬಿದ್ದಿದ್ದಾನೆ" ಅನ್ನುತ್ತಾರೆ.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಒರಳಲ್ಲಿ ತಲೆ ಕೊಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಿದರೆ ಆದೀತೇ!

ಹರಿಹರದ ಹೊಳೆ, ಸದ್ಯ ಫ್ರಾನ್ಸ್

ಅದೇ ಅದೇ. ಮತ್ತೆ ಪೀಸ್ತ್. ಅಂದರೆ ಕುಟ್ಟಿ ಗಟ್ಟಿಯಾದ ದಾರಿ, ಪ್ರಾಣಿಗಳು ಓಡಾಡಿ ತುಳಿದ ಜಾಡು. ಈಗ ರೇಸಿನ ಟ್ರ್ಯಾಕಿಗೂ, ಹಿಮದ ಮೇಲೆ ಜಾರುವ ದಾರಿಗೂ, ವಿಮಾನದ ರನ್‌ವೇಗೂ ಅದೇ ಹೆಸರು. ಸ್ಪೇನಿನಲ್ಲಿ ಪಿಸ್ತಾ ಅಂದರೆ ಟ್ರ್ಯಾಕೂ ಹೌದು, ಪೊಲೀಸರು ಹಿಡಿಯುವ ಸುಳಿವೂ ಹೌದು. ಅದೇ ಸ್ಪ್ಯಾನಿಷ್‌ನಲ್ಲಿ ಪಿಸಾರ್ ಅಂದರೆ ತುಳಿ, ಪಿಸೋ ಅಂದರೆ ನೆಲ. ಮನೆಯ ಮಹಡಿಗೂ ಫ್ಲ್ಯಾಟಿಗೂ ಪಿಸೋ. ಬಾಡಿಗೆ ಮನೆ ಹುಡುಕುವವರೆಲ್ಲ ಈ ಒನಕೆಯ ಮೊಮ್ಮಗಳನ್ನೇ ಹುಡುಕುತ್ತಿದ್ದಾರೆ.

ಬೆಣ್ಣೆ ಜಾಸ್ತಿ

ಪಿಸ್ತಾ ಅಂದ್ರಲ್ಲ, ಬಾದಾಮಿ ಪಿಸ್ತಾ? ಅದೂ ಕುಟ್ಟೋದೇನಾ? ಪಿಸ್ತೂಲು?

ಹಳೇ ಮೇಷ್ಟ್ರು, ಹೊಸದುರ್ಗ

ಎರಡೂ ಬೇರೆ ಮನೆಯವು. ತಿನ್ನುವ ಪಿಸ್ತಾ ಪರ್ಷಿಯನ್. ಅಲ್ಲಿಂದ ಗ್ರೀಕಿಗೆ, ಲ್ಯಾಟಿನ್‌ಗೆ ಹೋಗಿ ಇಂಗ್ಲಿಷಿನ ಪಿಸ್ಟಾಶಿಯೋ ಆಯಿತು. ಪಿಸ್ತೂಲಿನ ಮೂಲ ಚೆಕ್ ಭಾಷೆಯ ಪಿಷ್ಟಾಲ, ಕೊಳಲು ಅಂತ ಅರ್ಥ, ಅನ್ನುವುದನ್ನೇ ಹೆಚ್ಚಿನವರು ಒಪ್ಪುತ್ತಾರೆ. ನಳಿಕೆ ಇದೆಯಲ್ಲ, ಅದಕ್ಕೆ. ಸದ್ದು ಒಂದೇ ಇದ್ದರೆ ಸಾಲದು ಅನ್ನುವುದಕ್ಕೆ ಇವೆರಡು ಒಳ್ಳೆಯ ಉದಾಹರಣೆ.

ಬತ್ತೇರಿ ಹುಡುಗ, ಚಿತ್ರದುರ್ಗ

ಮೇಷ್ಟ್ರೇ, ನನಗೆ ಒಂದು ಕೊರತೆ. ನಮ್ಮಲ್ಲಿ ಒನಕೆ ಅಂದ ಕೂಡಲೇ ಅಡುಗೆ ಮನೆ ನೆನಪಾಗಲ್ಲ. ಕಿಂಡಿ ನೆನಪಾಗುತ್ತೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ತೂರಿ ಬರ್‍ತಿದ್ದಾರೆ, ಓಬವ್ವ ಒನಕೆ ಎತ್ತಿ ನಿಂತಿದ್ದಾಳೆ. ಚಿಕ್ಕವನಿದ್ದಾಗ ಆ ಕಿಂಡಿಯಲ್ಲಿ ನಾನೇ ಸೈನಿಕ, ಅಕ್ಕನೇ ಓಬವ್ವ, ಸ್ಕೇಲೇ ಒನಕೆ. ಲ್ಯಾಟಿನ್ ಒನಕೆ ಬರೀ ಚಟ್ನಿ, ಹೂವು, ಇಂಜಿನ್ನು ಅಂತಲೇ ಇದೆ. ಅವರ ಒನಕೆ ಯಾರಿಗೂ ಹೊಡೆದೇ ಇಲ್ವಾ?

ಹಳೇ ಮೇಷ್ಟ್ರು, ಹೊಸದುರ್ಗ

ಇದನ್ನು ಕೇಳಲಿ ಅಂತಲೇ ಕಾಯುತ್ತಿದ್ದೆ.

ಲ್ಯಾಟಿನ್‌ನಲ್ಲಿ ಒನಕೆಗೆ ಇನ್ನೊಂದು ಪದ ಇದೆ, ಪೀಲುಮ್. ಅದೂ ಇದೇ ಕುಟ್ಟುವ ಬೇರಿನದು. ಆ ಪೀಲುಮ್ ಅಂದರೆ ಒನಕೆ, ಮತ್ತು ಪೀಲುಮ್ ಅಂದರೆ ರೋಮನ್ ಕಾಲಾಳಿನ ಭರ್ಜಿ. ಒಂದೇ ಪದ! ಸುಮಾರು ಎರಡು ಮೀಟರ್ ಉದ್ದ. ಹಿಂದೆ ಮರದ ಕಾವು, ಮುಂದೆ ಉದ್ದನೆಯ ಕಬ್ಬಿಣದ ಸರಳು, ತುದಿಯಲ್ಲಿ ಮೊನೆ. ಶತ್ರು ಹತ್ತಿರ ಬಂದಾಗ ಮೊದಲು ಪೀಲುಮ್ ಎಸೆಯುವುದು, ಆಮೇಲೆ ಕತ್ತಿ ಹಿರಿದು ನುಗ್ಗುವುದು. ಗುರಾಣಿಗೆ ಚುಚ್ಚಿಕೊಂಡರೆ ಬೇಗ ಕೀಳಲು ಬರುತ್ತಿರಲಿಲ್ಲ, ಗುರಾಣಿಯನ್ನೇ ಬಿಸಾಡಬೇಕಾಗುತ್ತಿತ್ತು. ರೋಮ್ ಯುರೋಪನ್ನು ಗೆದ್ದದ್ದು ಒನಕೆ ಹಿಡಿದುಕೊಂಡು ಅಂದರೆ ಪದದ ಮಟ್ಟಿಗೆ ಸುಳ್ಳಲ್ಲ.

ಆ ಪೀಲುಮ್ ಜರ್ಮನ್ನರ ಬಾಯಿಗೆ ಬಿದ್ದು ಪ್ಫೈಲ್ ಆಯಿತು, ಅಂದರೆ ಬಾಣ. ಇಂಗ್ಲಿಷಿಗೆ ಹೋಗಿ ಪೈಲ್ ಆಯಿತು, ನೆಲಕ್ಕೆ ಹೊಡೆಯುವ ಗೂಟ. ಸೇತುವೆ ಕಟ್ಟುವಾಗ ಪೈಲಿಂಗ್ ಮಾಡುತ್ತಾರಲ್ಲ, ದೊಡ್ಡ ಸುತ್ತಿಗೆ ಮೇಲಿಂದ ಧಡ್ ಧಡ್ ಅಂತ ಬೀಳುತ್ತೆ. ಕೊನೆಗೆ ಒನಕೆಯೇ ಪೆಟ್ಟು ತಿನ್ನುವಂತಾಯಿತು.

ಹರಿಹರದ ಹೊಳೆ, ಸದ್ಯ ಫ್ರಾನ್ಸ್

ಒರಳನ್ನ ಮರೀಬೇಡಿ. ಲ್ಯಾಟಿನ್ ಮೊರ್ಟಾರಿಯುಮ್ ಅಂದರೆ ಒರಳು. ಅದರಲ್ಲಿ ಸುಣ್ಣ ಮರಳು ಕಲಸುತ್ತಿದ್ದರು ಅಂತ ಗಾರೆಗೂ ಮಾರ್ಟರ್ ಅಂತ ಹೆಸರು. ಗಿಡ್ಡ ನಳಿಕೆಯ ತೋಪು ಒರಳಿನ ಹಾಗೆ ಕಾಣುತ್ತೆ ಅಂತ ಅದಕ್ಕೂ ಮಾರ್ಟರ್. ಟೀವಿಯಲ್ಲಿ ಮಾರ್ಟರ್ ದಾಳಿ ಅಂತ ಬರುತ್ತಲ್ಲ, ಅದು ಒರಳಿನ ದಾಳಿ.

ಬತ್ತೇರಿ ಹುಡುಗ, ಚಿತ್ರದುರ್ಗ

ಒನಕೆಯಿಂದ ಭರ್ಜಿ, ಒರಳಿಂದ ತೋಪು. ನಮ್ಮ ಕೋಟೆಯ ಎಷ್ಟೋ ಗೋಡೆಗೆ ಗಾರೆಯೇ ಇಲ್ಲ, ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ಒರಳು ಇಲ್ಲದೆ ಕಟ್ಟಿದ ಕೋಟೆಯನ್ನ ಒನಕೆ ಕಾಯ್ತು. ಆದರೂ 1779ರಲ್ಲಿ ಹೋಯ್ತು ಬಿಡಿ.

ಏಳನೇ ಗೇರು, ದಾವಣಗೆರೆ

ನಾನು ಮೆಕ್ಯಾನಿಕ್. ಇಷ್ಟು ಹೊತ್ತು ಬರೀ ಓದ್ತಿದ್ದೆ. ಒಂದು ವಿಷಯ ಯಾರೂ ಹೇಳಲಿಲ್ಲ. ಪಿಸ್ಟನ್ ಕುಟ್ಟಲ್ಲ. ಪೆಟ್ರೋಲ್ ಉರಿದ ಒತ್ತಡಕ್ಕೆ ಅದೇ ಏಟು ತಿಂದು ಕೆಳಗೆ ಬರೋದು. ಒನಕೆ ಕೈಯಿಂದ ಬಲ ತಗೊಂಡು ಒರಳಿಗೆ ಕೊಡುತ್ತೆ. ಪಿಸ್ಟನ್ ಉಲ್ಟಾ, ಒರಳಿಂದ ಬಲ ತಗೊಂಡು ಹೊರಗೆ ಕೊಡುತ್ತೆ. ಹೆಸರಿಟ್ಟವರು ಇಂಜಿನ್ ನೋಡಿರಲಿಲ್ಲ ಅನ್ಸುತ್ತೆ.

ಹಳೇ ಮೇಷ್ಟ್ರು, ಹೊಸದುರ್ಗ

ಭಲೇ! ನಿಜ, ನೋಡಿರಲಿಲ್ಲ. ಹೆಸರು ಮೊದಲು ಅಂಟಿದ್ದು ನೀರೆತ್ತುವ ಪಂಪಿಗೆ. ಪಂಪಿನಲ್ಲಿ ಮನುಷ್ಯ ಹಿಡಿ ಒತ್ತುತ್ತಾನೆ, ಕೊಳವೆಯೊಳಗೆ ಅದು ಏರಿ ಇಳಿಯುತ್ತೆ, ಥೇಟ್ ಒನಕೆ. ಇಂಗ್ಲೆಂಡಿನ ನ್ಯೂಕೊಮೆನ್ 1712ರಲ್ಲಿ ಗಣಿಯ ನೀರೆತ್ತಲು ಉಗಿಯಂತ್ರ ಕೂರಿಸಿದಾಗ ಕೆಲಸ ತಿರುಗುಮುರುಗಾಯಿತು, ಹೆಸರು ಹಾಗೇ ಉಳಿಯಿತು. ನಿಮ್ಮ ಕೈಗೆ ಬರುವ ಪೆಟ್ರೋಲ್ ಇಂಜಿನ್ ಅದಕ್ಕೂ ನೂರೈವತ್ತಕ್ಕಿಂತ ಹೆಚ್ಚು ವರ್ಷ ಆಚೆಯದು.

ಏಳನೇ ಗೇರು, ದಾವಣಗೆರೆ

ಸರಿ ಒಪ್ಪಿದೆ. ಮತ್ತೆ ರಿಂಗು. ಪಿಸ್ಟನ್‌ಗೆ ಮೂರು ರಿಂಗ್ ಇರುತ್ತೆ, ಎರಡು ಕಂಪ್ರೆಷನ್, ಒಂದು ಆಯಿಲ್. ನಮ್ಮಜ್ಜಿ ಒನಕೆಗೂ ತುದಿಯಲ್ಲಿ ಒಂದು ಕಬ್ಬಿಣದ ಬಳೆ ಇತ್ತು, ಮರ ಸೀಳಬಾರದು ಅಂತ. ಅದು ಸಡಿಲ ಆದ್ರೆ ಕುಟ್ಟುವಾಗ ಸದ್ದೇ ಬೇರೆ ಬರೋದು, ಅಜ್ಜಿ ಒಳಗಿಂದಲೇ ಕೇಳಿ ಹೇಳೋಳು. ನಾನೂ ಬೈಕ್ ಗೇಟ್ ಹತ್ರ ಬರುವಾಗಲೇ ರಿಂಗ್ ಹೋಗಿದೆ ಅಂತ ಹೇಳ್ತೀನಿ.

ಬತ್ತೇರಿ ಹುಡುಗ, ಚಿತ್ರದುರ್ಗ

ನಿಮ್ಮ ಮಾತು ಓದಿ ಅಟ್ಟ ಹತ್ತಿದೆ. ಅಮ್ಮನ ಒನಕೆ ಇನ್ನೂ ಇದೆ. ಹಿಡಿಯುವ ಜಾಗ ಸವೆದು ನುಣುಪಾಗಿ ಸಣ್ಣಗಾಗಿದೆ, ನನ್ನ ಬೆರಳು ಸುತ್ತಿದರೆ ಹೆಬ್ಬೆರಳು ದಾಟುತ್ತೆ. ಬಳೆ ಸಡಿಲ ಆಗಿ ಅಲ್ಲಾಡುತ್ತಿತ್ತು.

ಇವತ್ತು ಬೈಕ್ ತರಲು ಹೋದಾಗ ಅದನ್ನೂ ತಗೊಂಡು ಹೋದೆ. ಮೆಕ್ಯಾನಿಕ್‌ಗೆ ಇಟಾಲಿಯನ್ ಕಥೆಯನ್ನೆಲ್ಲ ಹೇಳಿದೆ. ತಲೆ ಎತ್ತದೆ ಕೇಳಿದರು. ಒನಕೆ ಇಸಕೊಂಡು ಬಳೆ ಬಿಚ್ಚಿದರು, ಒಳಗೆ ಒಂದು ತಗಡಿನ ಪಟ್ಟಿ ಕೊಟ್ಟು ಮತ್ತೆ ಬಡಿದು ಕೂರಿಸಿದರು, ನೆಲಕ್ಕೆ ಎರಡು ಸಲ ಕುಟ್ಟಿ ಕಿವಿಗೊಟ್ಟರು. ಬೈಕಿನ ಬಿಲ್ಲು ಕೊಟ್ಟರು. "ಇದಕ್ಕೆಷ್ಟು?" ಅಂದೆ. "ಅದಕ್ಕೆ ಬ್ಯಾಡ. ಬೈಕಿಗೆ ಮಾತ್ರ ಆಯಿಲ್ ಹಾಕು" ಅಂದರು.